ಹಳೆಯ ಬೋಗನ್‌ವಿಲ್ಲಾ ಬುಡ ಬೋನ್ಸಾಯ್ ಆದದ್ದು: ಪೊಟರೆ, ಬೇರು, ಹೊಸ ಕುಂಡ

ಈ ಬುಡ ಒಂದು ಹಳೆಯ ಬೇಲಿಯದು. ಬೇಲಿ ಕಿತ್ತು ಗೋಡೆ ಕಟ್ಟುವವರಿದ್ದರು. ಜಾಗದ ಮಾಲೀಕರನ್ನು ಕೇಳಿ, ಅವರು ಒಪ್ಪಿದ ಮೇಲೆ ಅಗೆದು ತಂದೆ. ನೆಲದ ಮಟ್ಟದಲ್ಲಿ ಬುಡದ ಅಗಲ 31 ಸೆಂಟಿಮೀಟರ್. ಅಗೆಯುವಾಗ ಕಾಂಡವನ್ನು 60 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿದ್ದೆವು. ಆಗ ಒಂದು ಕೊಂಬೆಯೂ ಇರಲಿಲ್ಲ. ಮೇಲೆ ಗರಗಸದ ಸಪಾಟು ಗಾಯ, ಕೆಳಗೆ ಕಡಿದ ಬೇರುಗಳ ಮೋಟು, ನಡುವೆ ಉಬ್ಬು ತಗ್ಗುಗಳ ದಪ್ಪ ಕಾಂಡ. ಅಷ್ಟೇ.

ಅದನ್ನು ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ದಪ್ಪ ಮರಳು, ಇಟ್ಟಿಗೆ ಚೂರು ಹಾಕಿ ಕೂರಿಸಿದ್ದೆ. ಚಿಗುರು ಬೇಗನೇ ಬಂತು. ಬೋಗನ್‌ವಿಲ್ಲಾದಲ್ಲಿ ಆ ಚಿಗುರನ್ನು ನಂಬಬಾರದು. ದಪ್ಪ ಕಾಂಡದಲ್ಲಿ ಕೂಡಿಟ್ಟ ಆಹಾರ ಜಾಸ್ತಿ ಇರುತ್ತದೆ. ಕೆಳಗೆ ಒಂದೇ ಒಂದು ಹೊಸ ಬೇರು ಇಲ್ಲದಿದ್ದರೂ ಆ ಆಹಾರದಿಂದಲೇ ಎಲೆ ಬಿಡುತ್ತದೆ. ಆಮೇಲೆ ಒಂದು ದಿನ ಎಲ್ಲ ಎಲೆ ಜೋತು ಬಿದ್ದು ಒಣಗುತ್ತದೆ. ಎಷ್ಟೋ ಒಳ್ಳೆಯ ಬುಡಗಳು ಹೀಗೇ ಹೋಗುತ್ತವೆ: ಚಿಗುರು ಕಂಡ ಖುಷಿಗೆ ಬಿಸಿಲಿಗಿಟ್ಟು, ಗೊಬ್ಬರ ಹಾಕಿ, ಅಲ್ಲಾಡಿಸಿ. ಇದನ್ನು ನಾನು ಮುಟ್ಟದೆ ಬಿಟ್ಟೆ. ಚಿಗುರುಗಳು ಉದ್ದ ಬಳ್ಳಿಯಾಗಿ ಬೆಳೆದು, ಬುಡದ ಹತ್ತಿರ ಕಂದು ಬಣ್ಣಕ್ಕೆ ತಿರುಗಿ, ಟಬ್ಬಿನ ತೂತಿನಿಂದ ಬೇರು ಹೊರಗೆ ಬಂದ ಮೇಲೆಯೇ ಗರಗಸ ಕೈಗೆತ್ತಿಕೊಂಡದ್ದು.

ಕೆಲಸ ಶುರು ಮಾಡುವ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಈ ಮರದಲ್ಲಿ ಮುಂಭಾಗ (ನೋಡುವವರ ಕಡೆಗಿಡುವ ಮುಖ) ಯಾವುದು, ಎಷ್ಟು ಕೆತ್ತಬೇಕು, ಬೇರು ಹೇಗೆ ಕತ್ತರಿಸಬೇಕು, ಕುಂಡದಲ್ಲಿ ಎಷ್ಟು ಓರೆ ಇಡಬೇಕು, ಎಲ್ಲಕ್ಕೂ ನಾನು ಕೇಳಿಕೊಂಡ ಪ್ರಶ್ನೆ ಒಂದೇ. ಇಲ್ಲಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ? ಬೋಗನ್‌ವಿಲ್ಲಾ ಬುಡವನ್ನು ಕೊಲ್ಲುವುದು ನಿಂತ ನೀರು. ಒಣಗುವಿಕೆಯನ್ನು ಅದು ಚೆನ್ನಾಗಿಯೇ ತಡೆದುಕೊಳ್ಳುತ್ತದೆ.

ಕಾರಣ ಅದರ ಕಾಂಡದ ರಚನೆಯಲ್ಲೇ ಇದೆ. ಹೆಚ್ಚಿನ ಮರಗಳಲ್ಲಿ ತೊಗಟೆಯ ಕೆಳಗೆ ಬೆಳೆಯುವ ಪದರ ಒಂದೇ. ಅದು ವರ್ಷ ವರ್ಷವೂ ಒಳಗೆ ಗಟ್ಟಿ ಮರವನ್ನು ಸೇರಿಸುತ್ತಾ ಹೋಗುತ್ತದೆ. ಬೋಗನ್‌ವಿಲ್ಲಾದಲ್ಲಿ ಒಂದು ಪದರ ಸ್ವಲ್ಪ ಕಾಲ ಕೆಲಸ ಮಾಡಿ ಸುಮ್ಮನಾಗುತ್ತದೆ. ಅದರ ಹೊರಗೆ ಇನ್ನೊಂದು ಹೊಸ ಪದರ ಹುಟ್ಟುತ್ತದೆ. ಹೀಗೆ ಒಂದರ ಹೊರಗೊಂದು. ಅದರಿಂದ ಗಟ್ಟಿ ಮರದ ಪಟ್ಟಿಗಳ ನಡುವೆ ಮೃದು ಭಾಗ ಉಳಿದುಕೊಳ್ಳುತ್ತದೆ. ಅಡ್ಡ ಕತ್ತರಿಸಿ ನೋಡಿದರೆ ಬಳೆ ಬಳೆಯಾಗಿ ಕಾಣುತ್ತದೆ. ಕತ್ತರಿಸಿದ ಗಾಯಕ್ಕೆ ನೀರು ಬಿದ್ದರೆ ಆ ಮೃದು ಭಾಗದ ಮೂಲಕ ಕೆಳಗಿಳಿಯುತ್ತದೆ, ಅದರ ಹಿಂದೆಯೇ ಕೊಳೆ. ಬೋನ್ಸಾಯ್‌ಗೆ ಬಳಸುವ ಜುನಿಪರ್ ಮರದ ಸತ್ತ ಕೊಂಬೆ ಬಿಸಿಲಲ್ಲಿ ಬೆಳ್ಳಗೆ ಗಟ್ಟಿಯಾಗಿ ಹತ್ತಾರು ವರ್ಷ ನಿಲ್ಲುತ್ತದೆ. ಇದರಲ್ಲಿ ಹಾಗೆ ಅಂದುಕೊಂಡು ಬಿಟ್ಟರೆ ಕೆಲವೇ ಮಳೆಗಾಲದಲ್ಲಿ ಪುಡಿಯಾಗಿ ಉದುರುತ್ತದೆ.

ಜೀವ ಎಲ್ಲಿದೆ ಎಂದು ಹುಡುಕಿದ್ದು

ಸ್ಕ್ರೂಡ್ರೈವರ್ ಹಿಡಿಯಿಂದ ಕಾಂಡವನ್ನು ಬುಡದಿಂದ ತಲೆಯವರೆಗೆ ಮೆಲ್ಲಗೆ ತಟ್ಟುತ್ತಾ ಹೋದೆ. ಜೀವ ಇರುವಲ್ಲಿ ಸದ್ದು ಮೊಟಕು, ಗಟ್ಟಿ. ಒಳಗೆ ಟೊಳ್ಳಾದಲ್ಲಿ ಡಬ ಡಬ ಅನ್ನುತ್ತದೆ. ಅನುಮಾನ ಬಂದ ಕಡೆ ಉಗುರಿನಷ್ಟೇ ಜಾಗದಲ್ಲಿ ತೊಗಟೆ ಕೆರೆದು ನೋಡಿದೆ. ಹಸಿರು ಅಥವಾ ತೇವದ ಕೆನೆ ಬಣ್ಣ ಕಂಡರೆ ಜೀವ ಇದೆ. ಕಂದು, ಒಣಗಿದ್ದು ಕಂಡರೆ ಇಲ್ಲ. ಎರಡರ ಗಡಿಯನ್ನು ಸೀಮೆಸುಣ್ಣದಿಂದ ಗುರುತು ಮಾಡುತ್ತಾ ಬಂದೆ.

ಸುತ್ತು ಮುಗಿದಾಗ ಕಾಂಡದ ಮೇಲೆ ನಾಲ್ಕು ದಪ್ಪ ಪಟ್ಟಿಗಳು ಎದ್ದು ಕಂಡವು. ಒಂದೊಂದೂ ಒಂದು ಬೇರಿನಿಂದ ಹೊರಟು, ಸ್ವಲ್ಪ ತಿರುಚಿ, ಮೇಲೆ ಒಂದು ಗುಂಪು ಚಿಗುರಿಗೆ ಹೋಗಿ ಸೇರುತ್ತದೆ. ಆ ಬೇರಿನ ನೀರು ಆ ಚಿಗುರಿಗೆ. ಮೂರು ಪಟ್ಟಿಗಳು ಉಬ್ಬಿಕೊಂಡು ಹೊಳೆಯುತ್ತಿದ್ದವು. ನಾಲ್ಕನೆಯದು ಸೊರಗಿತ್ತು, ಅದರ ಮೇಲೆ ಒಂದು ಚಿಗುರೂ ಇರಲಿಲ್ಲ. ಅದರ ಕೆಳಗಿನ ಬೇರು ಕೆಟ್ಟಿರಬೇಕು ಎಂದು ಆಗಲೇ ಬರೆದಿಟ್ಟುಕೊಂಡೆ. ಟಬ್ಬಿನಿಂದ ಎತ್ತುವ ದಿನ ಅದನ್ನು ನೋಡಿಕೊಳ್ಳಬೇಕಿತ್ತು.

ತಲೆಯ ಮೇಲಿನ ಸಪಾಟು ಗಾಯದ ನಡುವೆ ಚೂಪು ಕಡ್ಡಿ ಒತ್ತಿದರೆ ಬೆರಳುದ್ದ ಒಳಗೆ ಹೋಯಿತು. ಮರ ಲಡ್ಡು ಹಿಡಿದಿತ್ತು, ಕೊಳೆತು ಮೆತ್ತಗಾಗಿತ್ತು. ಅಂದರೆ ಒಂದು ಪೊಟರೆ ಒಳಗಿನಿಂದ ತಯಾರಾಗುತ್ತಿದೆ. ಇಂಥ ಜಾಗವನ್ನು ಸಿಮೆಂಟಿನಿಂದಲೋ ಪುಟ್ಟಿಯಿಂದಲೋ ತುಂಬಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮರ ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಅದರ ಜೊತೆ ಹಿಗ್ಗುವುದಿಲ್ಲ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ನೀರು ಒಳಗೆ ಹೋಗುತ್ತದೆ. ಹೊರಗೆ ಬರಲು ದಾರಿ ಇರುವುದಿಲ್ಲ. ದೊಡ್ಡ ಮರಗಳ ಪೊಟರೆಗೂ ಸಿಮೆಂಟ್ ತುಂಬುವ ಪದ್ಧತಿಯನ್ನು ಮರದ ಆರೈಕೆ ಬಲ್ಲವರು ಬಿಟ್ಟು ಬಹಳ ಕಾಲವಾಯಿತು. ಪೊಟರೆಯನ್ನು ಮುಚ್ಚುವ ಬದಲು ತೆರೆದುಬಿಡುವುದೇ ನನಗೆ ಸರಿ ಕಂಡ ದಾರಿ.

ಮುಂಭಾಗ ಹೀಗೆ ತಾನಾಗೇ ನಿಕ್ಕಿಯಾಯಿತು. ಸೊರಗಿದ ಪಟ್ಟಿ ಇರುವ ಕಡೆ ತೆರೆದರೆ ಜೀವ ಇರುವ ಯಾವ ಭಾಗವನ್ನೂ ಕಡಿಯಬೇಕಿಲ್ಲ. ಎಡಕ್ಕೂ ಬಲಕ್ಕೂ ಉಬ್ಬಿದ ಪಟ್ಟಿಗಳು ಪೊಟರೆಗೆ ಚೌಕಟ್ಟು ಕಟ್ಟಿದಂತೆ ನಿಲ್ಲುತ್ತವೆ. ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಮೊಬೈಲಿನಲ್ಲಿ ಕಪ್ಪು ಬಿಳುಪು ಮಾಡಿ ನೋಡಿದೆ. ಎಲೆಯ ಹಸಿರು ಕಣ್ಣಿಗೆ ಮೋಸ ಮಾಡುತ್ತದೆ. ಬಣ್ಣ ತೆಗೆದರೆ ಕಾಂಡದ ಓಟ ಮಾತ್ರ ಉಳಿಯುತ್ತದೆ. ಬೇರೆ ಮೂರು ಕಡೆಯಿಂದ ಅದು ಬರೀ ಒಂದು ದಿಮ್ಮಿ. ಈ ಕಡೆಯಿಂದ ಮಾತ್ರ ಮರ.

ಸವರಿದ್ದು

ಕೆತ್ತನೆಗೆ ಕೈ ಹಾಕುವ ಮೊದಲು ಚಿಗುರುಗಳನ್ನು ಕಡಿಮೆ ಮಾಡಿದೆ. ಬೋಗನ್‌ವಿಲ್ಲಾ ಒಂದೇ ಜಾಗದಿಂದ ಐದಾರು ಚಿಗುರು ಬಿಡುತ್ತದೆ. ಎಲ್ಲವನ್ನೂ ಬಿಟ್ಟರೆ ಆ ಜಾಗ ಗಂಟಾಗಿ ಊದುತ್ತದೆ, ಕಾಂಡಕ್ಕಿಂತ ಅದೇ ದಪ್ಪ ಕಾಣುತ್ತದೆ. ಪ್ರತಿ ಗುಂಪಿನಲ್ಲಿ ಒಂದನ್ನು, ಅನುಮಾನ ಇದ್ದಲ್ಲಿ ಎರಡನ್ನು ಉಳಿಸಿಕೊಂಡೆ. ಎಡಗಡೆ ನೆಲದಿಂದ 22 ಸೆಂಟಿಮೀಟರ್ ಎತ್ತರದಲ್ಲಿ ಒಂದು ದಪ್ಪ ಚಿಗುರು ಇತ್ತು. ಅದು ಮೊದಲ ಕೊಂಬೆ. ಅದಕ್ಕಿಂತ ಸ್ವಲ್ಪ ಮೇಲೆ ಬಲಕ್ಕೆ ಒಂದು, ಹಿಂದಕ್ಕೆ ಎರಡು. ತಲೆಗೆ, ಸಪಾಟು ಗಾಯದ ಹಿಂದಿನ ಅಂಚಿನಲ್ಲಿ ನೇರ ಎದ್ದಿದ್ದ ಒಂದು.

ಕತ್ತರಿಸುವಾಗ ಎಲ್ಲೂ ಕಾಂಡಕ್ಕೆ ಅಂಟಿಸಿ ಕತ್ತರಿಸಲಿಲ್ಲ. ಎರಡು ಮೂರು ಸೆಂಟಿಮೀಟರ್ ಮೋಟು ಬಿಟ್ಟೆ. ಈ ಗಿಡದಲ್ಲಿ ಕತ್ತರಿಸಿದ ಜಾಗದಿಂದ ಒಣಗುವಿಕೆ ಹಿಂದಕ್ಕೆ ಸರಿಯುತ್ತದೆ. ಮೋಟು ಇದ್ದರೆ ಮೋಟು ಒಣಗುತ್ತದೆ. ಇಲ್ಲದಿದ್ದರೆ ಕಾಂಡದ ಜೀವದ ಪಟ್ಟಿಯೇ ಒಣಗುತ್ತದೆ. ಎಲ್ಲಿಯವರೆಗೆ ಒಣಗಿತು ಎಂದು ಗೊತ್ತಾದ ಮೇಲೆ ಮೋಟನ್ನು ತೆಗೆದರಾಯಿತು. ಜೀವದ ಕಡೆಯ ಗಾಯಗಳಿಗೆ ಕಟ್ ಪೇಸ್ಟ್ (ಗಾಯ ಮುಚ್ಚುವ ಲೇಪ) ಹಚ್ಚಿದೆ. ಮುಳ್ಳುಗಳನ್ನೂ ಕೆಲಸ ಮಾಡುವ ಕಡೆಯೆಲ್ಲ ಕತ್ತರಿಸಿ ತೆಗೆದೆ. ಗಿಡಕ್ಕೆ ಅದರಿಂದ ತೊಂದರೆ ಇಲ್ಲ, ಕೈಗೆ ಬಹಳ ಉಪಕಾರ.

ಮೊದಲ ಕೊಂಬೆಯ ಬಳ್ಳಿಯನ್ನು ಮಾತ್ರ ಉದ್ದಕ್ಕೇ ಬಿಟ್ಟೆ. ನೋಡುವವರಿಗೆ ಅದು ಅಸಡ್ಡೆ ಅನಿಸಬಹುದು. ಆದರೆ ಕೊಂಬೆ ದಪ್ಪವಾಗುವುದು ಅದರ ತುದಿ ಓಡುತ್ತಿದ್ದರೆ ಮಾತ್ರ. 31 ಸೆಂಟಿಮೀಟರ್ ಬುಡಕ್ಕೆ ಪೆನ್ಸಿಲ್ ದಪ್ಪದ ಕೊಂಬೆ ಒಪ್ಪುವುದಿಲ್ಲ. ಮೇಲಿನ ಚಿಗುರುಗಳನ್ನು ಗಿಡ್ಡ ಮಾಡಿದರೆ ಗಿಡದ ಕಸುವು ಕೆಳಗಿನದಕ್ಕೆ ಹೋಗುತ್ತದೆ. ಬಳ್ಳಿ ಜಾತಿಯ ಈ ಗಿಡ ಯಾವಾಗಲೂ ಮೇಲಕ್ಕೇ ಓಡುವುದು. ಬಿಟ್ಟರೆ ಕೆಳಗಿನ ಕೊಂಬೆ ತಾನೇ ಸೊರಗಿ ಸಾಯುತ್ತದೆ.

ಪೊಟರೆ ತೆರೆದದ್ದು

ಇದು ನನಗೆ ಅತ್ಯಂತ ಇಷ್ಟವಾದ ಭಾಗ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಉಳಿ ಮತ್ತು ಕೊಡತಿ. ಲಡ್ಡು ಹಿಡಿದ ಮರ ಕೈಯಲ್ಲೇ ಪುಡಿಯಾಗಿ ಬರುತ್ತದೆ, ಅದಕ್ಕೆ ಯಂತ್ರ ಬೇಕಿಲ್ಲ. ಉಳಿಯ ಕೆಳಗೆ ಮರ ಗಟ್ಟಿಯಾಗಿ ಸದ್ದು ಮಾಡುವವರೆಗೆ ತೆಗೆಯುತ್ತಾ ಹೋದೆ. ಕೊಳೆ ನಾನು ಅಂದುಕೊಂಡಷ್ಟೇ ಆಳಕ್ಕೆ, ಮುಂಭಾಗದಲ್ಲಿ ನೆಲಕ್ಕಿಂತ ಆರು ಸೆಂಟಿಮೀಟರ್ ಮೇಲಿನವರೆಗೆ ಇಳಿದಿತ್ತು. ಅದು ಸಮಾಧಾನದ ವಿಷಯ. ಸತ್ತ ಮರ ಒದ್ದೆ ಮಣ್ಣಿಗೆ ತಾಗಿದರೆ ಅದನ್ನು ಯಾವ ರಾಸಾಯನಿಕವೂ ಬಹಳ ಕಾಲ ಕಾಪಾಡುವುದಿಲ್ಲ.

ಆಮೇಲೆ ಡೈ ಗ್ರೈಂಡರ್, ಕೈಯಲ್ಲಿ ಹಿಡಿದು ಮರ ಕೆತ್ತುವ ವಿದ್ಯುತ್ ಯಂತ್ರ. ಕನ್ನಡಕ, ಮಾಸ್ಕ್ ಹಾಕದೆ ಇದನ್ನು ಚಾಲೂ ಮಾಡಲೇಬಾರದು. ಎರಡೂ ಕೈಯಲ್ಲಿ ಹಿಡಿಯಬೇಕು, ಮರ ಅಲ್ಲಾಡದಂತೆ ಟಬ್ಬನ್ನು ಕಟ್ಟಿ ನಿಲ್ಲಿಸಬೇಕು. ಸಪಾಟು ತಲೆಯನ್ನು ಹಿಂದಿನ ಚಿಗುರಿನ ಬುಡದಿಂದ ಮುಂದಕ್ಕೆ ಇಳಿಜಾರು ಮಾಡಿದೆ. ಈಗ ತಲೆಯ ಮೇಲೆ ಬಿದ್ದ ನೀರು ನಿಲ್ಲದೆ ಪೊಟರೆಯೊಳಗೆ ಜಾರುತ್ತದೆ. ಪೊಟರೆಯ ಒಳಗೋಡೆಯಲ್ಲಿ ಅಡ್ಡ ಗೀರು ಒಂದೂ ಬಿಡಲಿಲ್ಲ. ಎಲ್ಲ ಗೀರೂ ಮೇಲಿನಿಂದ ಕೆಳಕ್ಕೆ, ಮರದ ನಾರು ಓಡುವ ದಿಕ್ಕಿಗೇ. ನಾರು ತಿರುಚಿದ ಕಡೆ ಗೀರೂ ತಿರುಚಿತು. ಇದರಿಂದ ಎರಡು ಲಾಭ. ಯಂತ್ರದ ಗುರುತು ಕಾಣುವುದಿಲ್ಲ, ಮತ್ತು ನೀರಿಗೆ ತಂಗಲು ಜಾಗ ಸಿಗುವುದಿಲ್ಲ. ಕೊನೆಗೆ ತಂತಿ ಬ್ರಷ್‌ನಿಂದ ಉಜ್ಜಿದಾಗ ಮೃದು ಪದರಗಳು ಉದುರಿ ಗಟ್ಟಿ ಪದರಗಳು ಎದ್ದು ನಿಂತವು. ಈ ಮರದ ಬಳೆ ರಚನೆ ಕೆತ್ತನೆಗೆ ಕೊಡುವ ಉಡುಗೊರೆ ಅದು. 

ಜೀವದ ಅಂಚಿನಿಂದ ಅರ್ಧ ಸೆಂಟಿಮೀಟರ್ ದೂರದಲ್ಲೇ ಯಂತ್ರ ನಿಲ್ಲಿಸಿದೆ. ಉಳಿದದ್ದನ್ನು ಹರಿತ ಚಾಕುವಿನಿಂದ ಒಂದೇ ಎಳೆತದಲ್ಲಿ ಸರಿಮಾಡಿದೆ. ನಯವಾಗಿ ಕತ್ತರಿಸಿದ ತೊಗಟೆಯ ಅಂಚು ಬೇಗ ಉರುಟಾಗಿ ಒಳಕ್ಕೆ ಸುತ್ತಿಕೊಳ್ಳುತ್ತದೆ. ಹರಿದ ಅಂಚು ಹಿಂದಕ್ಕೆ ಸಾಯುತ್ತದೆ.

ಆಮೇಲೆ ನೀರಿನ ಪರೀಕ್ಷೆ. ಒಂದು ಚೊಂಬು ನೀರನ್ನು ತಲೆಯ ಮೇಲಿನಿಂದ ಸುರಿದು ಟಾರ್ಚ್ ಹಿಡಿದು ನೋಡಿದೆ. ಪೊಟರೆಯ ತಳದಲ್ಲಿ, ಬಲ ಮೂಲೆಯ ಹಿಂದೆ, ಒಂದು ಚಮಚದಷ್ಟು ನೀರು ಉಳಿಯಿತು. ಆ ಮೂಲೆಯಿಂದ ಮುಂದಿನ ತುಟಿಗೆ ಒಂದು ಸಣ್ಣ ಕಾಲುವೆ ಕೆತ್ತಿದೆ. ಮತ್ತೆ ಸುರಿದಾಗ ಅರ್ಧ ಉಳಿಯಿತು. ಇನ್ನೂ ಕೆತ್ತಿದರೆ ಬಲಗಡೆಯ ಜೀವದ ಪಟ್ಟಿ ತೆಳ್ಳಗಾಗುತ್ತಿತ್ತು. ಅಲ್ಲಿ ಕೆತ್ತುವುದನ್ನು ನಿಲ್ಲಿಸಿದೆ. ಉಳಿದ ಆ ಚೂರು ನೀರಿನ ಕೆಲಸವನ್ನು ಕುಂಡದಲ್ಲಿ ಮರವನ್ನು ಓರೆ ಇಡುವುದರಿಂದ ಮುಗಿಸಬಹುದು ಎಂದು ಹೊಳೆಯಿತು. ಟಬ್ಬಿನ ಹಿಂಬದಿಗೆ ಮರದ ತುಂಡು ಕೊಟ್ಟು ಮುಂದಕ್ಕೆ ಬಾಗಿಸುತ್ತಾ ಹೋದೆ. ಸುಮಾರು ಎಂಟು ಡಿಗ್ರಿ ಬಾಗಿದಾಗ ಪೊಟರೆ ಪೂರ್ತಿ ಖಾಲಿಯಾಯಿತು. ಬೋನ್ಸಾಯ್‌ನಲ್ಲಿ ಮರ ನೋಡುವವರ ಕಡೆಗೆ ಸ್ವಲ್ಪ ಬಾಗಿರಬೇಕು ಅನ್ನುವುದು ಹಳೆಯ ನಿಯಮ. ನೀರು ಕೇಳಿದ ಓರೆಯೂ ಕಣ್ಣು ಕೇಳಿದ ಓರೆಯೂ ಒಂದೇ ಆಯಿತಲ್ಲ, ಆ ಕ್ಷಣ ನನಗೆ ನಿಜಕ್ಕೂ ಬಹಳ ಸಂತೋಷ ಕೊಟ್ಟಿತು.

ಮರ ಚೆನ್ನಾಗಿ ಒಣಗಲು ಬಿಟ್ಟು, ಆಮೇಲೆ ಸತ್ತ ಮರ ಕೊಳೆಯದಿರಲಿ ಎಂದು ಸುಣ್ಣ ಗಂಧಕದ ದ್ರಾವಣ ಹಚ್ಚಿದೆ. ಮಣ್ಣಿಗೆ ಬೀಳದಂತೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೆ. ವಾಸನೆ ಕೊಳೆತ ಮೊಟ್ಟೆಯದ್ದೇ, ಹಾಗಾಗಿ ಬಯಲಲ್ಲೇ ಮಾಡಬೇಕು. ಇದಕ್ಕೆ ಆಮ್ಲದ ಯಾವ ವಸ್ತುವನ್ನೂ ಬೆರೆಸಬಾರದು, ವಿಷದ ಅನಿಲ ಬರುತ್ತದೆ. ಹಚ್ಚಿದಾಗ ಹಳದಿ, ಒಣಗುತ್ತಾ ಬಿಳಿ. ಪೊಟರೆಯ ಒಳಗೆ ಸುಣ್ಣ ಬಳಿದ ಬಿಳುಪು ನನಗೆ ಹಿಡಿಸುವುದಿಲ್ಲ. ನಿಜವಾದ ಪೊಟರೆ ಒಳಗೆ ಕತ್ತಲೆಯಾಗಿರುತ್ತದೆ. ಅದಕ್ಕೇ ಒಳಭಾಗಕ್ಕೆ ಹಚ್ಚುವ ದ್ರಾವಣಕ್ಕೆ ಸ್ವಲ್ಪ ಕಪ್ಪು ಇಂಕ್ ಸೇರಿಸಿದೆ, ಅಂಚಿಗೆ ಬಂದಂತೆ ಕಡಿಮೆ ಮಾಡಿದೆ. ಇದೂ ಪೂರ್ತಿ ಒಣಗಿದ ಮೇಲೆ ಮರ ಗಟ್ಟಿ ಮಾಡುವ ವುಡ್ ಹಾರ್ಡನರ್. ಅದನ್ನು ಸತ್ತ ಮರಕ್ಕೆ ಮಾತ್ರ, ಸಣ್ಣ ಬ್ರಷ್‌ನಿಂದ, ಜೀವದ ಅಂಚಿಗೆ ತಾಗದ ಹಾಗೆ. ಒದ್ದೆ ಮರದ ಮೇಲೆ ಹಚ್ಚಿದರೆ ತೇವವನ್ನು ಒಳಗೇ ಕೂಡಿಹಾಕಿದಂತೆ.

ಬೇರು ಮತ್ತು ಕುಂಡ

ಸವರುವುದು, ಕೆತ್ತುವುದು, ಬೇರು ಕತ್ತರಿಸುವುದು ಎಲ್ಲವನ್ನೂ ಒಂದೇ ದಿನ ಮಾಡಿ ಮುಗಿಸುವವರಿದ್ದಾರೆ. ಎಳೆಯ, ಗಟ್ಟಿಮುಟ್ಟಾದ ಗಿಡಕ್ಕೆ ಅದು ನಡೆಯುತ್ತದೆ. ಅಗೆದು ತಂದ ಹಳೆಯ ಬುಡಕ್ಕೆ ನಾನು ಹಾಗೆ ಮಾಡುವುದಿಲ್ಲ. ಸವರಿದ ಮೇಲೆ ಹೊಸ ಕಣ್ಣುಗಳು ಉಬ್ಬಿ, ಹಸಿರು ತುದಿ ಕಾಣುವವರೆಗೆ ಕಾದೆ. ಗಿಡ ಎದ್ದಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ರಾತ್ರಿಯ ಚಳಿಯೂ ಅಷ್ಟರಲ್ಲಿ ಹೋಗಿತ್ತು. ತಂಪು ಮಣ್ಣಿನಲ್ಲಿ ಬೋಗನ್‌ವಿಲ್ಲಾ ಬೇರು ಬಿಡಲು ಬಹಳ ಹಿಂದೇಟು ಹಾಕುತ್ತದೆ.

ಕುಂಡ ಒಳ ಅಳತೆಯಲ್ಲಿ 62 ಉದ್ದ, 45 ಅಗಲ, 14 ಸೆಂಟಿಮೀಟರ್ ಆಳ. ಕುಂಡದ ಆಳ ಬುಡದ ದಪ್ಪದಷ್ಟಿರಲಿ ಎನ್ನುವುದು ಸಾಮಾನ್ಯ ಲೆಕ್ಕ. ಇಷ್ಟು ಅಗಲದ ಬುಡಕ್ಕೆ ಆ ಲೆಕ್ಕ ಹಿಡಿದರೆ ಕುಂಡ ಬಕೆಟ್ಟಾಗುತ್ತದೆ, ಅದಕ್ಕೆ ಕಡಿಮೆ ಮಾಡಿದೆ. ಬಣ್ಣ ಬೂದಿ ಬೆರೆತ ತಿಳಿನೀಲಿ, ಹೊಳಪಿನದು. ಹೂ ಬಿಡುವ ಮರಗಳಿಗೆ ಹೊಳಪಿನ ಕುಂಡ ರೂಢಿ. ಈ ಗಿಡದ ಹೂ ಕಡು ಗುಲಾಬಿ. ನಾವು ಹೂವೆನ್ನುವ ಆ ಬಣ್ಣದ ದಳಗಳು ನಿಜದಲ್ಲಿ ಎಲೆಗಳೇ. ಮೂರು ಬಣ್ಣದ ಎಲೆಗಳ ನಡುವೆ ಮೂರು ಸಣ್ಣ ಕೆನೆ ಬಣ್ಣದ ಹೂ ಇರುತ್ತವೆ. ಆ ಗುಲಾಬಿ ಬಣ್ಣ ಬರುವುದು ಬೀಟ್‌ರೂಟಿಗೆ ಕೆಂಪು ಕೊಡುವ ಗುಂಪಿನ ವರ್ಣದ್ರವ್ಯದಿಂದ. ತಿಳಿನೀಲಿಯ ಪಕ್ಕ ಅದು ಚೆನ್ನಾಗಿ ಕೂರುತ್ತದೆ. ಕೆಂಪು ಕಂದಿನ ಕುಂಡದಲ್ಲಿ ಮಂಕಾಗುತ್ತದೆ.

ಮಣ್ಣು ಅಂದರೆ ಇಲ್ಲಿ ಮಣ್ಣೇ ಇಲ್ಲ. ಮೂರು ಪಾಲು ಪ್ಯೂಮಿಸ್ (ತೂತು ತೂತಾದ ಹಗುರ ಜ್ವಾಲಾಮುಖಿ ಕಲ್ಲು), ಎರಡು ಪಾಲು ಒಡೆದ ಇಟ್ಟಿಗೆ ಚೂರು, ಒಂದು ಪಾಲು ತೆಂಗಿನ ಸಿಪ್ಪೆಯ ಚೂರು. ಎಲ್ಲವನ್ನೂ ಜರಡಿ ಹಿಡಿದು 4ರಿಂದ 8 ಮಿಲಿಮೀಟರ್ ಗಾತ್ರದ್ದನ್ನು ಮಾತ್ರ ತೆಗೆದುಕೊಂಡೆ. ಧೂಳನ್ನು ಪೂರ್ತಿ ತೊಳೆದೆ. ಇಟ್ಟಿಗೆಗೆ ಅಂಟಿದ ಗಾರೆ, ಸಿಮೆಂಟ್ ಚೂರುಗಳನ್ನು ಒಂದೊಂದಾಗಿ ಆರಿಸಿ ಎಸೆದೆ. ಬೋಗನ್‌ವಿಲ್ಲಾಗೆ ಸ್ವಲ್ಪ ಹುಳಿ ಕಡೆಗಿನ ಮಣ್ಣು ಇಷ್ಟ. ಸುಣ್ಣ ಜಾಸ್ತಿಯಾದರೆ ಕಬ್ಬಿಣದ ಅಂಶ ಹೀರಿಕೊಳ್ಳಲಾಗದೆ ಹೊಸ ಎಲೆಗಳು ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ.

ಕುಂಡದ ತಳಕ್ಕೆ ಜಲ್ಲಿಯ ಹಾಸು ಹಾಕಲಿಲ್ಲ. ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ ಎಂದು ಬಹಳ ಜನ ನಂಬುತ್ತಾರೆ. ಆಗುವುದು ಬೇರೆ. ಯಾವುದೇ ಕುಂಡದಲ್ಲಿ ನೀರು ಇಳಿದು ನಿಂತ ಮೇಲೂ ತಳದಲ್ಲಿ ಒಂದು ಪದರ ತೊಪ್ಪೆಯಾಗಿಯೇ ಉಳಿಯುತ್ತದೆ. ಆ ಪದರದ ಎತ್ತರ ಕುಂಡದ ಆಳವನ್ನು ನೋಡುವುದಿಲ್ಲ, ಹರಳಿನ ಗಾತ್ರವನ್ನು ನೋಡುತ್ತದೆ. ಹರಳು ಸಣ್ಣದಾದಷ್ಟೂ ತೊಪ್ಪೆ ಪದರ ಎತ್ತರ. ತಳಕ್ಕೆ ಜಲ್ಲಿ ಹಾಕಿದರೆ ಆ ಪದರ ಜಲ್ಲಿಯ ಮೇಲೆ ಕೂರುತ್ತದೆ, ಅಂದರೆ ಬೇರಿಗೆ ಇನ್ನೂ ಹತ್ತಿರ. ಆಳ ಕಡಿಮೆ ಇರುವ ಬೋನ್ಸಾಯ್ ಕುಂಡದಲ್ಲಿ ಇದು ದೊಡ್ಡ ವಿಷಯ. ಅದಕ್ಕೇ ಮೇಲಿನಿಂದ ಕೆಳಗಿನವರೆಗೆ ಒಂದೇ ಗಾತ್ರದ ದಪ್ಪ ಹರಳು. ನೀರು ಹಾಕಿದ ಮೇಲೆ ಕುಂಡದ ಒಂದು ಬದಿಯನ್ನು ಸ್ವಲ್ಪ ಎತ್ತಿಟ್ಟರೆ ತೊಪ್ಪೆ ಪದರದ ಇನ್ನಷ್ಟು ನೀರು ತೂತಿನಿಂದ ಹರಿದುಹೋಗುತ್ತದೆ. ಬೇಕಿದ್ದರೆ ಒದ್ದೆ ಸ್ಪಂಜನ್ನು ಮೊದಲು ಮಲಗಿಸಿ, ಆಮೇಲೆ ನಿಲ್ಲಿಸಿ ನೋಡಿ. ನಿಲ್ಲಿಸಿದಾಗ ಇನ್ನೂ ನೀರು ತೊಟ್ಟಿಕ್ಕುತ್ತದೆ.

ಟಬ್ಬಿನಿಂದ ಎತ್ತಲು ಇಬ್ಬರು ಬೇಕಾಯಿತು. ಗೆಳೆಯ ಬಂದಿದ್ದ. "ಕಾಂಡ ಹಿಡಿದು ಎಳೀಬೇಡ ಕಣೋ, ಟಬ್ ಕತ್ತರಿಸೋಣ" ಅಂದೆ. ಹಾಗೇ ಮಾಡಿದೆವು. ಪ್ಲಾಸ್ಟಿಕ್ ಹೋದರೆ ಇನ್ನೊಂದು ಸಿಗುತ್ತದೆ. ಈ ಗಿಡದ ಬೇರು ಬಹಳ ಪೆಳಸು, ಎಳೆದರೆ ಟಕ್ಕನೆ ಮುರಿಯುತ್ತದೆ. ಕೊಕ್ಕೆಯಿಂದ ಜೋರಾಗಿ ಬಾಚುವುದೂ ಬೇಡ. ಹಿಂದಿನ ದಿನ ನೀರು ಹಾಕದೆ ಬಿಟ್ಟಿದ್ದರಿಂದ ಹರಳುಗಳು ಸುಲಭವಾಗಿ ಉದುರಿದವು. ಬಿದಿರಿನ ಕಡ್ಡಿಯಿಂದ ಅಂಚಿನಿಂದ ಒಳಕ್ಕೆ, ನಿಧಾನವಾಗಿ ಬಿಡಿಸಿದೆ. ಬುಡಕ್ಕೆ ಅಂಟಿದ ನಡುಭಾಗವನ್ನು ಪೂರ್ತಿ ಬೆತ್ತಲೆ ಮಾಡಲಿಲ್ಲ.

ಮಗುಚಿ ನೋಡಿದಾಗ, ಸೊರಗಿದ ಪಟ್ಟಿಯ ಕೆಳಗಿನ ಬೇರು ಕಪ್ಪಾಗಿತ್ತು. ಒತ್ತಿದರೆ ಮೆತ್ತಗೆ, ವಾಸನೆ ಬೇರೆ. ಗರಗಸದಿಂದ ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಕತ್ತರಿಸುತ್ತಾ ಬಂದೆ. ಕೆನೆ ಬಣ್ಣದ ಗಟ್ಟಿ ಮರ ಸಿಕ್ಕ ಮೇಲೆ ನಿಲ್ಲಿಸಿದೆ. ಉಳಿದ ದಪ್ಪ ಬೇರುಗಳ ಮೋಟುಗಳು ಚೆನ್ನಾಗಿದ್ದವು. ಕತ್ತರಿಸಿದ ಅಂಚಿನ ಸುತ್ತ ಹೊಸ ಬೇರುಗಳು ಕುಚ್ಚಿನಂತೆ ಬಂದಿದ್ದವು. ಅವನ್ನು ಗಿಡ್ಡ ಮಾಡುವಾಗ ಕೊಯ್ದ ಮುಖ ನೆಲದ ಕಡೆಗೆ ಇರುವ ಹಾಗೆ ಓರೆಯಾಗಿ ಕತ್ತರಿಸಿದೆ. ಮುಖ ಮೇಲಕ್ಕಿದ್ದರೆ ಅದರ ಮೇಲೆ ನೀರು ಕೂರುತ್ತದೆ, ಪೊಟರೆಯ ಕಥೆಯೇ ಮಣ್ಣಿನೊಳಗೆ ಮತ್ತೆ ಶುರುವಾಗುತ್ತದೆ. ಬುಡದ ತಳವನ್ನು ಸಪಾಟು ಮಾಡಿದ ಮೇಲೆ ಒಟ್ಟು ಬೇರಿನ ಮುದ್ದೆಯಲ್ಲಿ ಮೂರರಲ್ಲೊಂದು ಭಾಗ ಹೋಗಿತ್ತು. ಅದಕ್ಕಿಂತ ಜಾಸ್ತಿ ತೆಗೆಯುವ ಧೈರ್ಯ ಈ ಗಿಡದಲ್ಲಿ ಬೇಡ. ಆಲ, ಬಸರಿ ಜಾತಿಗಳಲ್ಲಾದರೆ ಇದರ ಎರಡರಷ್ಟು ತೆಗೆದರೂ ತಡೆದುಕೊಳ್ಳುತ್ತವೆ. ದೊಡ್ಡ ಗಾಯಗಳಿಗೆ ಶಿಲೀಂಧ್ರನಾಶಕ ಪುಡಿ ಹಚ್ಚಿ, ನೆರಳಲ್ಲಿ ಒಂದರ್ಧ ಗಂಟೆ ಮುಖ ಒಣಗಲು ಬಿಟ್ಟೆ. ಅಷ್ಟು ಹೊತ್ತು ಸಣ್ಣ ಬೇರುಗಳ ಮೇಲೆ ಒದ್ದೆ ಬಟ್ಟೆ.

ಇಷ್ಟು ಭಾರದ ಬುಡ ಆಳವಿಲ್ಲದ ಕುಂಡದಲ್ಲಿ, ಅದೂ ಮುಂದಕ್ಕೆ ಬಾಗಿ, ಸುಮ್ನೆ ಕೂರುವುದಿಲ್ಲ. ಗಾಳಿಗೆ ಚೂರು ಅಲುಗಿದರೂ ಹೊಸ ಬೇರು ಮುರಿಯುತ್ತದೆ. ಬುಡದ ತಳದ ಸತ್ತ ಭಾಗಕ್ಕೆ ಎರಡು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ, ಅದಕ್ಕೆ 3 ಮಿಲಿಮೀಟರ್ ಅಲ್ಯೂಮಿನಿಯಂ ತಂತಿ ಕಟ್ಟಿದೆ. ತಂತಿಯನ್ನು ನೀರಿನ ತೂತುಗಳಿಂದ ಕೆಳಗೆ ತೆಗೆದು, ಕುಂಡದ ಅಡಿಯಲ್ಲಿ ಕಬ್ಬಿಣದ ಸರಳಿಗೆ ಸುತ್ತಿ ಬಿಗಿದೆ. ಇನ್ನೆರಡು ತಂತಿ ದಪ್ಪ ಬೇರುಗಳ ಮೇಲಿಂದ, ತೊಗಟೆಗೆ ತಾಗುವಲ್ಲಿ ರಬ್ಬರ್ ತುಂಡು ಕೊಟ್ಟು. ಬಿಗಿಯುವ ಮೊದಲು ಎಂಟು ಡಿಗ್ರಿ ಓರೆ ಸರಿಯಿದೆಯೇ ಎಂದು ಮತ್ತೆ ಪೊಟರೆಗೆ ನೀರು ಸುರಿದು ನೋಡಿದೆ. ಪೂರ್ತಿ ಹೊರಗೆ ಬಂತು. ಕಾಂಡ ಹಿಡಿದು ತಳ್ಳಿದರೆ ಮರದ ಜೊತೆ ಕುಂಡವೂ ಅಲ್ಲಾಡಬೇಕು. ಅಲ್ಲಿಗೆ ಕಟ್ಟಿದ್ದು ಸಾಕು.

ಬೇರುಗಳ ನಡುವೆ ಹರಳು ತುಂಬಲು ಕಡ್ಡಿಯಿಂದ ಮೆಲ್ಲಗೆ ಆಡಿಸಿದೆ, ಕುಟ್ಟಲಿಲ್ಲ. ಪೊಟರೆಯ ತುಟಿಯ ಮುಂದೆ ಮೇಲ್ಮಟ್ಟವನ್ನು ಸ್ವಲ್ಪ ತಗ್ಗಿಸಿದೆ, ಸತ್ತ ಮರ ಹರಳಿಗೆ ತಾಗದಿರಲಿ ಎಂದು. ತಳದ ತೂತಿನಿಂದ ತಿಳಿನೀರು ಬರುವವರೆಗೆ ನೀರು ಹಾಕಿದೆ. ಅಲ್ಲಿಂದ ಮುಂದೆ ಕೈ ಬಿಗಿ. ಎಲೆಯಿಲ್ಲದ ಗಿಡ ನೀರು ಕುಡಿಯುವುದಿಲ್ಲ. ಮೇಲಿನ ಎರಡು ಸೆಂಟಿಮೀಟರ್ ಒಣಗಿದೆ ಎಂದು ಬೆರಳಿಗೆ ಗೊತ್ತಾಗದೆ ಮತ್ತೆ ನೀರು ಹಾಕಲೇ ಇಲ್ಲ. ಬೆಳಕು ಚೆನ್ನಾಗಿರುವ, ಗಾಳಿ ಹೊಡೆಯದ ನೆರಳಿನಲ್ಲಿಟ್ಟೆ. ಗೊಬ್ಬರ ಇಲ್ಲ. ಹೊಸ ಎಲೆಗಳು ಪೂರ್ತಿ ಅಗಲವಾಗಿ ಬಣ್ಣ ಗಾಢವಾದ ಮೇಲೆ ಬೆಳಗಿನ ಬಿಸಿಲು, ಆಮೇಲೆ ಇಡೀ ದಿನದ ಬಿಸಿಲು, ಕೊನೆಗೆ ಗೊಬ್ಬರ. ಈ ಕ್ರಮದಲ್ಲಿ.

ತಂತಿ

ಬೋಗನ್‌ವಿಲ್ಲಾ ಕೊಂಬೆಗೆ ತಂತಿ ಸುತ್ತಲು ಸರಿಯಾದ ಕಾಲ ಬಹಳ ಚಿಕ್ಕದು. ಚಿಗುರು ಪೂರ್ತಿ ಹಸಿರಾಗಿದ್ದಾಗ ಬಗ್ಗಿಸಿದರೆ ಕಾಂಡಕ್ಕೆ ಸೇರುವ ಜಾಗದಲ್ಲಿ ಕಳಚಿ ಕೈಗೆ ಬರುತ್ತದೆ. ಪೂರ್ತಿ ಬಲಿತ ಮೇಲೆ ಬಗ್ಗಿಸಿದರೆ ನಡುವೆ ಮುರಿಯುತ್ತದೆ. ಬುಡದಲ್ಲಿ ಕಂದು ಗೆರೆಗಳು ಬಂದು ತುದಿ ಇನ್ನೂ ಹಸಿರಾಗಿರುವಾಗ ಮಾಡಬೇಕು. ಕೊಂಬೆಯ ದಪ್ಪದ ಮೂರನೇ ಒಂದರಷ್ಟು ದಪ್ಪದ ಅಲ್ಯೂಮಿನಿಯಂ ತಂತಿ, 45 ಡಿಗ್ರಿ ಓರೆಯಲ್ಲಿ. ಎಡಗೈ ಹೆಬ್ಬೆರಳನ್ನು ಕೊಂಬೆಯ ಸಂದಿಗೆ ಒತ್ತಿ ಹಿಡಿದು, ಬಲಗೈಯಿಂದ ಬಗ್ಗಿಸಿದೆ. ಮೊದಲ ಕೊಂಬೆಯನ್ನು ತಂತಿ ಸುತ್ತದೆ, ಕುಂಡದ ಅಂಚಿಗೆ ದಾರ ಕಟ್ಟಿ ಕೆಳಕ್ಕೆ ಎಳೆದೆ. ದಿನಕ್ಕಿಷ್ಟು ಎಂದು ಬಿಗಿಸುತ್ತಾ ಹೋದರೆ ಅದು ತಾನಾಗೇ ಒಲಿಯುತ್ತದೆ.

ಈ ಗಿಡ ಬೆಳೆಯುವ ವೇಗಕ್ಕೆ ಮೂರು ನಾಲ್ಕು ವಾರದಲ್ಲೇ ತಂತಿ ತೊಗಟೆಗೆ ಕಚ್ಚಲು ಶುರುವಾಗುತ್ತದೆ. ವಾರಕ್ಕೊಮ್ಮೆ ನೋಡುತ್ತಿರಬೇಕು. ತೆಗೆಯುವಾಗ ಬಿಚ್ಚಬಾರದು, ಕಟರ್‌ನಿಂದ ತುಂಡು ತುಂಡಾಗಿ ಕತ್ತರಿಸಬೇಕು.

ಆಕಾರದ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಇಂಥ ಕುಳ್ಳ, ದಪ್ಪ, ಟೊಳ್ಳು ಬುಡಕ್ಕೆ ಪೈನ್ ಮರದ ಹಾಗೆ ತಟ್ಟೆ ತಟ್ಟೆಯಾದ ಎಲೆಗುಂಪು ಹೊಂದುವುದಿಲ್ಲ. ಬಯಲಲ್ಲಿ ಒಂಟಿಯಾಗಿ ನಿಂತ ಹಳೆಯ ಮರದ ಹಾಗೆ ಅಗಲ ನೆತ್ತಿ ಬೇಕು. ಕೊಂಬೆಗಳು ಮೊದಲು ಕೆಳಗಿಳಿದು, ಆಮೇಲೆ ತುದಿಯಲ್ಲಿ ಮೇಲೆ ನೋಡಬೇಕು. ಒಟ್ಟು ಎತ್ತರ 75 ಸೆಂಟಿಮೀಟರ್ ದಾಟಬಾರದು. ದಾಟಿದರೆ ಬುಡದ ಗಾಂಭೀರ್ಯ ಹೋಗಿಬಿಡುತ್ತದೆ.

ಹೂ ಬರುವುದು ಹೊಸ ರೆಂಬೆಯ ತುದಿಯಲ್ಲಿ. ಕೊಂಬೆ ಕಟ್ಟುವ ವರ್ಷಗಳಲ್ಲಿ ತುದಿಯನ್ನು ಮತ್ತೆ ಮತ್ತೆ ಕತ್ತರಿಸಬೇಕಾಗುತ್ತದೆ, ಹಾಗಾಗಿ ಹೂ ಸಿಗುವುದಿಲ್ಲ. ಅದನ್ನು ನಾನು ಒಪ್ಪಿಕೊಂಡಿದ್ದೇನೆ. ಮೊದಲ ಕೊಂಬೆ ಹೆಬ್ಬೆರಳ ದಪ್ಪ ಆಗುವವರೆಗೆ ಹೂವಿನ ಆಸೆ ಬೇಡ.

ಈಗ ಬಾಕಿ ಇರುವ ಕೆಲಸ ಹೇಳಿಬಿಡುತ್ತೇನೆ. ಸವರಿದಾಗ ಬಿಟ್ಟ ಮೋಟುಗಳು ಒಣಗಿ ನಿಂತಿವೆ. ಅವನ್ನು ತೆಗೆದು ಹಿಂದಿನವೆರಡನ್ನು ಸಣ್ಣ ಪೊಟರೆಯಾಗಿ ಕೆತ್ತಬೇಕು. ಮಳೆಗಾಲಕ್ಕೆ ಮೊದಲು ದೊಡ್ಡ ಪೊಟರೆಗೆ ಸುಣ್ಣ ಗಂಧಕ ಇನ್ನೊಂದು ಸಲ. ಬಲಗಡೆ ಬೇರು ಕತ್ತರಿಸಿದ ಜಾಗದಲ್ಲಿ ಮೇಲ್ಮಟ್ಟ ಖಾಲಿ ಕಾಣುತ್ತದೆ. ಸವರಿದ ಚಿಗುರುಗಳಲ್ಲಿ ದಪ್ಪನೆಯವನ್ನು ಬೇರೆ ಕುಂಡದಲ್ಲಿ ಬೇರು ಬರಿಸಲು ನೆಟ್ಟಿದ್ದೇನೆ, ಅದೇ ಗಿಡದ್ದೇ ಆದ್ದರಿಂದ ತೊಗಟೆಯೂ ಬಣ್ಣವೂ ಹೊಂದುತ್ತವೆ. ಬೇರು ಗಟ್ಟಿಯಾದ ಮೇಲೆ ಒಂದನ್ನು ಬಲಗಡೆಯ ಜೀವದ ಪಟ್ಟಿಗೆ ತೋಡು ಕೊರೆದು, ತಾಗಿಸಿ ಕಸಿ ಕಟ್ಟುತ್ತೇನೆ. ಕೂಡಿಕೊಂಡರೆ ಆ ಕಡೆಗೂ ಒಂದು ಬೇರು ಸಿಗುತ್ತದೆ. ತೋಡನ್ನು ಕೊರೆಯುವಾಗಲೂ ಕೆಳತುದಿ ತೆರೆದೇ ಇರಬೇಕು, ನೀರು ಇಳಿದು ಹೋಗಲು.